ಬಿಚ್ಚಿದ ಎಂಜಿನ್ನಿನ ಮುಂದೆ

(ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿ ಒಂದು ಮನೆಯ ಗ್ಯಾರೇಜು. 1967ರ ಎಂಜಿಬಿ ಕಾರಿನ ಎಂಜಿನ್ ಇಳಿಸಿ, ಹೆಡ್ ಬಿಚ್ಚಿ ಬೆಂಚಿನ ಮೇಲಿಟ್ಟಿದೆ. ಕಾರು ಇಲ್ಲೇ ನೆಲೆಸಿರುವ ಕನ್ನಡಿಗನದು. ಅವನ ಸೋದರಮಾವ ಹಾಸನದಲ್ಲಿ ಮೂವತ್ತೆಂಟು ವರ್ಷ ಗ್ಯಾರೇಜು ನಡೆಸಿದವರು. ಎರಡು ತಿಂಗಳ ಮಟ್ಟಿಗೆ ಬಂದಿದ್ದಾರೆ.)

ಅಳಿಯ: ಪಟ್ಟಿ ಮಾಡಿಟ್ಟಿದ್ದೀನಿ ಮಾವ. 1950 ಸಿ.ಸಿ.ಗೆ ಬೋರ್, ವೆಬರ್ 45 ಕಾರ್ಬ್ಯುರೇಟರ್, 280 ಡಿಗ್ರಿ ಕ್ಯಾಮ್, ಹಗುರ ಫ್ಲೈವೀಲ್. ಎಂಜಿನ್ ಹೇಗೂ ಬಿಚ್ಚಿದೆ. ಈಗ ಹಾಕದೆ ಇನ್ಯಾವಾಗ ಹಾಕ್ಲಿ?

ಮಾವ: ಪಟ್ಟಿ ಆಮೇಲೆ ನೋಡೋಣ. ಮೊದಲು ಈ ಬ್ಲಾಕ್ ಹತ್ರ ಬಾ. ಇದನ್ನ ಮುಟ್ಟಿದ್ರೆ ನಂಗೆ ನಮ್ಮ ಗ್ಯಾರೇಜಲ್ಲೇ ನಿಂತ ಹಾಗಿದೆ. ಇದು ಅಂಬಾಸಿಡರ್ ಮನೆತನದ್ದೇ ಅಲ್ವೇನೋ?

ಅಳಿಯ: ಹೌದು, ಎರಡೂ ಬಿಎಂಸಿ ಕಂಪನಿಯ ಬಿ-ಸೀರೀಸ್. ಅಂಬಾಸಿಡರ್‌ದು 1489 ಸಿ.ಸಿ., ಇದು 1798.

ಮಾವ: ಸ್ಟ್ರೋಕ್ ಎಷ್ಟು?

ಅಳಿಯ: 88.9 ಮಿಲಿಮೀಟರ್. ಬೋರ್ 80.26.

ಮಾವ: ಅಂಬಾಸಿಡರ್‌ದೂ ಅದೇ 88.9, ಮೂರೂವರೆ ಇಂಚು. ಬೋರ್ ಮಾತ್ರ 73. ಇಷ್ಟು ವರ್ಷ ನಾನು ಕೂರಿಸಿದ ಪಿಸ್ಟನ್ನುಗಳೆಲ್ಲ ಇಷ್ಟೇ ದೂರ ಏರಿ ಇಳಿದಿವೆ. ಅದಕ್ಕೇ ನಿನ್ನ ಕಾರಿನ ವಿಷಯದಲ್ಲಿ ಬಾಯಿ ಹಾಕ್ತಿದ್ದೀನಿ. ಈ ಕಾರಲ್ಲಿ ನೀನು ಎಲ್ಲೆಲ್ಲಿ ಓಡಾಡ್ತೀಯ, ಹೇಳು.

ಅಳಿಯ: ಭಾನುವಾರ ಬೆಳಗ್ಗೆ ಕಾಟ್ಸ್‌ವೋಲ್ಡ್ಸ್ ಕಡೆ ಹಳ್ಳಿ ರಸ್ತೆ. ಆಗೊಮ್ಮೆ ಈಗೊಮ್ಮೆ ಮೋಟಾರ್‌ವೇ. ವರ್ಷಕ್ಕೊಂದು ಸಲ ಹೆಂಡತಿ ಜೊತೆ ವೇಲ್ಸ್ ಬೆಟ್ಟಗಳ ಕಡೆ. ರೇಸಿಗೆ ಹೋಗೋದಿಲ್ಲ.

ಮಾವ: ಮೋಟಾರ್‌ವೇಲಿ ಎಪ್ಪತ್ತು ಮೈಲಿಗೆ ಎಂಜಿನ್ ಎಷ್ಟು ಸುತ್ತು ತಿರುಗುತ್ತೆ?

ಅಳಿಯ: ಓವರ್‌ಡ್ರೈವ್ ಇಲ್ಲ. ಟಾಪ್ ಗೇರಲ್ಲಿ ಸಾವಿರ ಸುತ್ತಿಗೆ ಹದಿನೆಂಟು ಮೈಲಿ ಹತ್ರ. ಎಪ್ಪತ್ತಕ್ಕೆ 3900.

ಮಾವ: ಹಳ್ಳಿ ತಿರುವುಗಳಲ್ಲಿ 2000, 2500. ಅಂದ್ರೆ ನಿನ್ನ ಎಂಜಿನ್ ಬಾಳೋದೆಲ್ಲ 2000ದಿಂದ 4500ರ ಒಳಗೆ. ಕಂಪನಿಯವರು ಕೊಟ್ಟ ಟಾರ್ಕ್ 3000 ಸುತ್ತಿಗೇ ತುದಿ ಮುಟ್ಟುತ್ತೆ, 110 ಪೌಂಡ್-ಅಡಿ. 95 ಅಶ್ವಶಕ್ತಿ ಬರೋದು 5400ಕ್ಕೆ. ಕಳೆದ ಒಂದು ವರ್ಷದಲ್ಲಿ 5400 ಎಷ್ಟು ಸಲ ಮುಟ್ಟಿದ್ದೀಯ?

ಅಳಿಯ: ಎರಡು ಮೂರು ಸಲ.

ಮಾವ: ನಿನ್ನ ಪಟ್ಟಿಯಲ್ಲಿರೋ ಕ್ಯಾಮ್ ಕೆಲಸ ಶುರು ಮಾಡೋದೇ ನೀನು ಆಕ್ಸಿಲರೇಟರ್ ಬಿಡೋ ಜಾಗದಲ್ಲಿ. ಕೆಳಗಿನ ಸುತ್ತಿನಲ್ಲಿ ಈಗಿರೋ ಎಳೆತವನ್ನೂ ಅದು ತಿಂದುಹಾಕುತ್ತೆ. ಬೆಟ್ಟದ ತಿರುವು ದಾಟಿ ಮೂರನೇ ಗೇರಲ್ಲಿ ಒತ್ತಿದಾಗ, ಮೊದಲು ಇದ್ದ ಪಿಕಪ್ ಎಲ್ಲಿ ಹೋಯ್ತು ಅಂತ ಹುಡುಕ್ತೀಯ.

ಅಳಿಯ: ಹಾಗಾದ್ರೆ ಇಷ್ಟು ದುಡ್ಡು ಸುರಿದು ಮೊದಲು ಇದ್ದ ಹಾಗೇ ಕಟ್ಟೋದಾ? ನಂಗೆ ಅದು ಒಪ್ಪಿಗೆಯಿಲ್ಲ ಮಾವ.

ಮಾವ: ನಂಗೂ ಒಪ್ಪಿಗೆಯಿಲ್ಲ. ಪವರ್ ಹೆಚ್ಚಿಸಬೇಡ ಅಂತ ನಾನು ಹೇಳಲಿಲ್ಲ. ಎಂಜಿಬಿಗಿಂತ ಮುಂಚೆ ಇದೇ ಊರಲ್ಲಿ ಎಂಜಿಎ ಅಂತ ಕಾರು ಮಾಡ್ತಿದ್ರಲ್ಲ?

ಅಳಿಯ: 1955ರಲ್ಲಿ ಬಂತು. ಅದೂ 1489 ಸಿ.ಸಿ.ನೇ.

ಮಾವ: ಅಂಬಾಸಿಡರ್‌ನದೇ ಬೋರು, ಅಂಬಾಸಿಡರ್‌ನದೇ ಸ್ಟ್ರೋಕು. ಆದ್ರೆ ಎಂಜಿಎ 72 ಅಶ್ವಶಕ್ತಿ ಕೊಡ್ತಿತ್ತು. ನಮ್ಮ ಗಾಡಿ ಅದರ ಹತ್ರಕ್ಕೂ ಹೋಗ್ತಿರಲಿಲ್ಲ. ಒಂದು ಸಿ.ಸಿ.ಯೂ ಹೆಚ್ಚಾಗದೆ ಅಷ್ಟು ವ್ಯತ್ಯಾಸ ಹೇಗೆ ಬಂತು? ಎರಡು ಎಸ್‌ಯು ಕಾರ್ಬ್ಯುರೇಟರ್, ಬೇರೆ ಕಂಪ್ರೆಷನ್, ಬೇರೆ ಕ್ಯಾಮ್, ಸಲೀಸಾದ ಎಕ್ಸಾಸ್ಟ್. ಎಲ್ಲ ಉಸಿರಾಟದ ವಿಷಯ. ಅದಕ್ಕೇ ನಿನ್ನ ದುಡ್ಡಿನ ದೊಡ್ಡ ಪಾಲು ಬೋರಿಗೆ ಹೋಗಬಾರದು, ಈ ಹೆಡ್‌ಗೆ ಹೋಗಬೇಕು. ತಿರುಗಿಸಿ ಇಡು. ಎಷ್ಟು ತೂತು ಕಾಣುತ್ತೆ?

ಅಳಿಯ: ಐದು. ಎಲ್ಲ ಒಂದೇ ಮಗ್ಗುಲಲ್ಲಿ. ಇನ್‌ಲೆಟ್ ಎರಡು, ಎಕ್ಸಾಸ್ಟ್ ಮೂರು.

ಮಾವ: ನಾಲ್ಕು ಸಿಲಿಂಡರ್‌ಗೆ ಇನ್‌ಲೆಟ್ ಎರಡೇ ದಾರಿ. ಒಂದು ಮತ್ತು ಎರಡಕ್ಕೆ ಸೇರಿ ಒಂದು, ಮೂರು ಮತ್ತು ನಾಲ್ಕಕ್ಕೆ ಸೇರಿ ಇನ್ನೊಂದು. ವಠಾರದಲ್ಲಿ ಎರಡು ಮನೆಗೆ ಒಂದೇ ನಲ್ಲಿ ಇರೋ ಹಾಗೆ. ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬಿಂದಿಗೆ ಇಟ್ರೆ ತೊಂದರೆಯಿಲ್ಲ. ಫೈರಿಂಗ್ ಆರ್ಡರ್ ಹೇಳು.

ಅಳಿಯ: 1-3-4-2.

ಮಾವ: ಎರಡರ ಹಿಂದೆಯೇ ಒಂದು ಬರುತ್ತೆ, ಮೂರರ ಹಿಂದೆಯೇ ನಾಲ್ಕು. ಒಂದೇ ನಲ್ಲಿಯ ಎರಡೂ ಮನೆಯವರು ಬೆನ್ನಿಗೆ ಬೆನ್ನು ಬಂದು ನಿಲ್ತಾರೆ. ಎರಡನೇ ಸಿಲಿಂಡರ್ ಕೊನೆಯ ಗುಟುಕು ಎಳೀತಿರುವಾಗ ಒಂದನೇದರ ವಾಲ್ವ್ ಆಗಲೇ ತೆರೆದಿರುತ್ತೆ. ಕಂಪನಿ ಕ್ಯಾಮಿನ ಅಳತೆ ನಿನ್ನ ಪುಸ್ತಕದಲ್ಲಿ ಇರಬೇಕಲ್ಲ?

ಅಳಿಯ: ಇದೆ. ಇನ್‌ಲೆಟ್ ಮೇಲ್ತುದಿಗೆ 16 ಡಿಗ್ರಿ ಮುಂಚೆ ತೆರೆಯುತ್ತೆ, ಕೆಳತುದಿ ದಾಟಿ 56 ಡಿಗ್ರಿಗೆ ಮುಚ್ಚುತ್ತೆ. ಒಟ್ಟು 252.

ಮಾವ: ಒಂದನೇ ಪಿಸ್ಟನ್ ಮೇಲ್ತುದಿಯಲ್ಲಿ ಇದ್ದಾಗ ಎರಡನೇದು ಕೆಳತುದಿಯಲ್ಲಿ. ಹಾಗಾಗಿ 16 ಮತ್ತು 56 ಕೂಡಿಸು. 72 ಡಿಗ್ರಿ ಹೊತ್ತು ಎರಡೂ ವಾಲ್ವ್ ಒಟ್ಟಿಗೆ ತೆರೆದಿರುತ್ತೆ. ಒಂದು ದಾರಿ, ಎರಡು ಬಾಯಿ. ನೀನು ಹಾಕಬೇಕು ಅಂತಿರೋ ಕ್ಯಾಮ್ 280. ಅದರಲ್ಲಿ 180 ಕಳೆ.

ಅಳಿಯ: ನೂರು ಡಿಗ್ರಿ.

ಮಾವ: ನೂರು ಡಿಗ್ರಿ ಹೊತ್ತು ಒಬ್ಬರ ಪಾಲನ್ನ ಇನ್ನೊಬ್ಬರು ಕಿತ್ಕೊಳ್ತಾರೆ. ನಷ್ಟ ಒಳಗಿನ ಎರಡು ಮತ್ತು ಮೂರಕ್ಕೆ, ಯಾಕಂದ್ರೆ ಕೊನೆಯ ಗುಟುಕು ಅವರದು. ಪ್ರತಿ ಸಿಲಿಂಡರ್‌ಗೂ ತನ್ನದೇ ದಾರಿ ಇರೋ ಎಂಜಿನ್ನಿಗೆ ಒಳ್ಳೇದಾಗುವ ಕ್ಯಾಮ್ ಇದಕ್ಕೂ ಒಳ್ಳೇದಾಗುತ್ತೆ ಅಂದ್ಕೋಬೇಡ. ಈ ಹೆಡ್‌ಗೆ ಅಂತಲೇ ಕಡೆದ ಕ್ಯಾಮ್ ಬೇಕು, ಅದೂ ಸೌಮ್ಯವಾದದ್ದು. ನನ್ನ ಕೇಳಿದ್ರೆ ಮೊದಲ ಸುತ್ತಿಗೆ ಕಂಪನಿ ಕ್ಯಾಮೇ ಇರಲಿ. ಹೆಡ್ ಚೆನ್ನಾಗಿ ಮಾಡಿಸಿದ್ರೆ ಅದೇ ಕ್ಯಾಮ್ ಎಷ್ಟು ಕೊಡುತ್ತೆ ಅಂತ ನೋಡಿ ಬೆರಗಾಗ್ತೀಯ.

ಅಳಿಯ: ಹೆಡ್ ಮಾಡಿಸೋದು ಅಂದ್ರೆ ಪೋರ್ಟು ದೊಡ್ಡದು ಮಾಡಿ ಕನ್ನಡಿ ಥರ ಪಾಲಿಶ್ ಮಾಡಿಸೋದು ತಾನೆ?

ಮಾವ: ಅಲ್ಲ, ಅಲ್ಲೇ ಎಲ್ಲರೂ ತಪ್ಪೋದು. ದಾರಿ ಸುಮ್ಮನೆ ಅಗಲ ಮಾಡಿದ್ರೆ ಗಾಳಿ ಸೋಮಾರಿ ಆಗುತ್ತೆ. ಕೆರೆ ತೂಬಿಂದ ರಭಸವಾಗಿ ಬಂದ ನೀರು ಅಗಲವಾದ ಕಾಲುವೆಗೆ ಬಿದ್ದ ಕೂಡಲೆ ನಿಧಾನ ಆಗಲ್ವಾ, ಹಾಗೆ. ಕೆಲಸ ಇರೋದು ಇಲ್ಲಿ, ವಾಲ್ವ್ ಸೀಟಿನ ಕೆಳಗಿನ ಗಂಟಲಲ್ಲಿ. ಬೆರಳು ಹಾಕಿ ನೋಡು. ಎರಕದ ಏಣು ಸಿಗುತ್ತಾ? ಅದನ್ನ ನುಣ್ಣಗೆ ತಿರುಗಿಸಬೇಕು. ಸೀಟಿಗೆ ಮೂರು ಕೋನದ ಕಟ್ ಕೊಡಿಸಬೇಕು. ಗಾಳಿ ನೆಟ್ಟಗೆ ಬಂದು ವಾಲ್ವಿನ ತಲೆ ಸುತ್ತಿ ಇಳೀಬೇಕು, ಗೋಡೆಗೆ ಹಣೆ ಚಚ್ಕೋಬಾರದು. ಈಗ ಈ ಚೇಂಬರಿನ ಆಕಾರ ನೋಡು.

ಅಳಿಯ: ಹೃದಯದ ಆಕಾರ ಅಂತಾರೆ ಇಲ್ಲಿ. ಹ್ಯಾರಿ ವೆಸ್ಲೇಕ್ ಅನ್ನೋರ ವಿನ್ಯಾಸ.

ಮಾವ: ನಾವು ವೀಳ್ಯದೆಲೆ ಅಂತಿದ್ವಿ. ಎಲೆಯ ತೊಟ್ಟಿನ ಕಡೆ ಎರಡು ವಾಲ್ವ್ ಮಧ್ಯೆ ಒಂದು ಮೂಗು ಚಾಚಿದೆಯಲ್ಲ, ಅದು ಚೂಪಾಗಿದ್ರೆ ಕೆಂಡದ ಹಾಗೆ ಕಾಯುತ್ತೆ, ಸ್ಪಾರ್ಕ್ ಬರೋಕೆ ಮುಂಚೆಯೇ ಅಲ್ಲಿಂದ ಬೆಂಕಿ ಹತ್ಕೊಳ್ಳುತ್ತೆ. ಆ ಮೂಗಿನ ಅಂಚು ಸ್ವಲ್ಪ ದುಂಡಗಾಗಲಿ. ಮತ್ತೆ ಇಷ್ಟು ಕೆಲಸಕ್ಕೆ ಕೈ ಹಾಕೋ ಮುಂಚೆ ಹೆಡ್‌ನಲ್ಲಿ ಬಿರುಕು ಇದೆಯಾ ಅಂತ ಪರೀಕ್ಷೆ ಆಗಬೇಕು. ಬಿರುಕು ಬಿಟ್ಟ ಹೆಡ್‌ಗೆ ಪೋರ್ಟಿಂಗ್ ಮಾಡಿಸಿ ದುಡ್ಡು ಕಳಕೊಂಡವರನ್ನ ಕಂಡಿದ್ದೀನಿ.

ಅಳಿಯ: ಎಕ್ಸಾಸ್ಟ್ ಸೀಟುಗಳಿಗೆ ಗಟ್ಟಿ ರಿಂಗ್ ಹಾಕಿಸಬೇಕು ಅಂತಿದ್ದೆ. ಇಲ್ಲಿ 2000ನೇ ಇಸವಿಯಿಂದ ಸೀಸ ಬೆರೆತ ಪೆಟ್ರೋಲ್ ನಿಂತಿದೆ.

ಮಾವ: ನಮ್ಮಲ್ಲೂ ಅದೇ ವರ್ಷ. ಖಂಡಿತ ಹಾಕಿಸು. ಸೀಸದ ಲೇಪ ಇಲ್ಲದೆ ಹಳೇ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯುತ್ತಾ ಹೋಗುತ್ತೆ, ಟ್ಯಾಪೆಟ್ ಗ್ಯಾಪು ತಾನೇ ಮುಚ್ಚಿಹೋಗುತ್ತೆ. ಹೆಡ್ ಹೇಗೂ ಲೇತಿನವರ ಹತ್ರ ಹೋಗುತ್ತಲ್ಲ, ಇದು ಅದೇ ಖರ್ಚಿನಲ್ಲಿ ಮುಗಿಯೋ ಕೆಲಸ.

ಅಳಿಯ: ಇನ್ನು ಕಂಪ್ರೆಷನ್. ಈಗ 8.8. ಅದನ್ನ ಹತ್ತಕ್ಕೆ ಏರಿಸೋಣ ಅಂತ.

ಮಾವ: ಇದರ ಬಗ್ಗೆ ನಾನು ಪಟ್ಟ ಪಾಡು ಹೇಳ್ತೀನಿ, ಕೇಳು. ಒಬ್ಬ ಟ್ಯಾಕ್ಸಿಯವನಿಗೆ ಅಂಬಾಸಿಡರ್ ಪಿಕಪ್ ಸಾಲದು ಅಂತ. ನಂಗೆ ಆಗ ಮೂವತ್ತು ವರ್ಷ, ಗೊತ್ತಿದೆ ಅನ್ನೋ ಹುಮ್ಮಸ್ಸು. ಹೆಡ್ ಫೇಸಿಂಗ್ ಮಾಡಿಸಿದೆ, ಒಂದು ಸಲ ಅಲ್ಲ, ಎರಡು ಸಲ. ಚೇಂಬರ್ ಎಷ್ಟು ಉಳೀತು ಅಂತ ಅಳೆಯಲಿಲ್ಲ. ಹಾಸನದ ಬೀದಿಯಲ್ಲಿ ಗಾಡಿ ಹಾರ್ತಿತ್ತು. ನಾಲ್ಕನೇ ದಿನ ಅವನು ಐದು ಜನರನ್ನ ತುಂಬ್ಕೊಂಡು ಮಂಗಳೂರಿಗೆ ಹೋದ. ವಾಪಸ್ ಬರ್ತಾ ಶಿರಾಡಿ ಘಾಟಿ ಏರಬೇಕಲ್ಲ. ಟಾಪ್ ಗೇರು, ಪೂರ್ತಿ ಲೋಡು, ಆಗಿನ ಕಳಪೆ ಪೆಟ್ರೋಲು. ಟಕಟಕ ಅಂತ ನಾಕಿಂಗ್ ಶುರುವಾಗಿದೆ, ಅವನು ಗಮನ ಕೊಟ್ಟಿಲ್ಲ. ಸಕಲೇಶಪುರಕ್ಕೆ ಮುಂಚೆ ಮೂರನೇ ಪಿಸ್ಟನ್ನಿನ ನೆತ್ತಿ ತೂತು. ಮಳೇಲಿ ರಾತ್ರಿ ಲಾರಿಗೆ ಕಟ್ಟಿ ಎಳ್ಕೊಂಡು ಬಂದ್ವಿ. ತಪ್ಪು ನನ್ನದು. ಅಳೀದೆ ಕೊಯ್ದೆ.

ಅಳಿಯ: ಆಮೇಲೆ ಹೇಗೆ ಅಳೀತಿದ್ರಿ?

ಮಾವ: ಗಾಜಿನ ತುಂಡಲ್ಲಿ ಸಣ್ಣ ತೂತು ಮಾಡಿ, ಗ್ರೀಸ್ ಸವರಿ ಚೇಂಬರಿನ ಮೇಲೆ ಕೂರಿಸಿ, ಸಿರಿಂಜಲ್ಲಿ ಸೀಮೆಎಣ್ಣೆ ತುಂಬ್ತಿದ್ದೆ. ಎಷ್ಟು ಸಿ.ಸಿ. ಹಿಡೀತೋ ಅಷ್ಟು. ನಾಲ್ಕೂ ಚೇಂಬರ್ ಒಂದೇ ಸಮ ಬರೋವರೆಗೆ ಕೈ ಬಿಡ್ತಿರಲಿಲ್ಲ. ಬಾ, ನಿನ್ನ ಲೆಕ್ಕ ಮಾಡೋಣ. ಒಂದು ಸಿಲಿಂಡರ್ 450 ಸಿ.ಸಿ. ಹತ್ರ. 8.8 ಬರಬೇಕಾದ್ರೆ ಮೇಲೆ ಉಳಿಯೋ ಜಾಗ?

ಅಳಿಯ: 450ನ್ನ 7.8ರಿಂದ ಭಾಗಿಸಿದ್ರೆ... 57.7 ಸಿ.ಸಿ. ಚೇಂಬರು, ಗ್ಯಾಸ್ಕೆಟ್ ದಪ್ಪ, ಪಿಸ್ಟನ್ನಿನ ತಗ್ಗು ಎಲ್ಲ ಸೇರಿ.

ಮಾವ: ಈಗ 40 ತೌ, ಅಂದ್ರೆ ಇಂಚಿನ ಸಾವಿರದಲ್ಲಿ ನಲವತ್ತು ಪಾಲು, ಓವರ್‌ಸೈಜ್ ಬೋರ್ ಮಾಡಿಸಿದೆ ಅನ್ಕೋ. ಒಟ್ಟು 1845 ಸಿ.ಸಿ. ಆಗುತ್ತೆ, ಒಂದು ಸಿಲಿಂಡರ್ 461. ಮೇಲಿನ ಜಾಗ ಅಷ್ಟೇ ಇದ್ರೆ ಕಂಪ್ರೆಷನ್ ತಾನಾಗೇ 9 ಮುಟ್ಟುತ್ತೆ. ಅಲ್ಲಿಂದ 9.5ಕ್ಕೆ ಹೋಗಲು ಎಷ್ಟು ತೆಗೀಬೇಕು?

ಅಳಿಯ: 461 ಭಾಗಿಸು 8.5... 54.2. ಅಂದ್ರೆ ಮೂರೂವರೆ ಸಿ.ಸಿ.

ಮಾವ: ಒಂದು ಟೀ ಚಮಚವೂ ತುಂಬಲ್ಲ. ಅಷ್ಟರಲ್ಲಿ ಇದೆ ನೋಡು ಎಂಜಿನ್ನಿನ ಉಳಿವು ಅಳಿವು. 9.5 ನಿನಗೆ ಸಾಕು, ಒಳ್ಳೇ ಪೆಟ್ರೋಲ್ ಹಾಕು. ಇಲ್ಲಿ ಎಥನಾಲ್ ಎಷ್ಟು ಬೆರೆಸ್ತಾರೆ?

ಅಳಿಯ: ಸಾಮಾನ್ಯ ಪೆಟ್ರೋಲಿಗೆ 2021ರಿಂದ ಶೇಕಡ 10ರವರೆಗೆ. ಸೂಪರ್ ಅನ್ನೋದರಲ್ಲಿ 5, ಆಕ್ಟೇನೂ ಹೆಚ್ಚು.

ಮಾವ: ಸೂಪರ್ ಹಾಕು. ಹಳೇ ರಬ್ಬರ್ ಪೈಪುಗಳನ್ನೆಲ್ಲ ಈಗಲೇ ಬದಲಾಯಿಸು. ಎಥನಾಲ್ ರಬ್ಬರ್ ತಿಂದು, ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಪವರ್ ಮಾತು ಆಮೇಲೆ ಬೇಕಾಗಲ್ಲ. ಈ ಎಂಜಿನ್ನಲ್ಲಿ ಕಾರ್ಬ್ಯುರೇಟರೂ ಎಕ್ಸಾಸ್ಟೂ ಒಂದೇ ಮಗ್ಗುಲಲ್ಲಿವೆ, ಅದು ನೆನಪಿರಲಿ.

ಅಳಿಯ: ಬೋರ್ 40 ತೌ ಅಂತ ನೀವೇ ಹೇಳಿಬಿಟ್ರಿ. ನಾನು 1950 ಅಂತಿದ್ದೆ.

ಮಾವ: ನಾನು ಲೆಕ್ಕಕ್ಕೆ ಹೇಳಿದೆ. ಎಷ್ಟು ಬೋರ್ ಅಂತ ನಾನೂ ನೀನೂ ತೀರ್ಮಾನ ಮಾಡೋ ಹಾಗಿಲ್ಲ, ಈ ಬ್ಲಾಕ್ ಹೇಳಬೇಕು. ಡಯಲ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ, ಅಡ್ಡಕ್ಕೆ, ಉದ್ದಕ್ಕೆ ನೋಡಲಿ. ಎಷ್ಟು ಸವೆದಿದೆ, ಎಷ್ಟು ಓವಲ್ ಆಗಿದೆ? 20 ತೌಗೆ ಶುದ್ಧ ಆದ್ರೆ 20ಕ್ಕೇ ನಿಲ್ಲಿಸು. 60 ತೌವರೆಗೆ ಹೋದ್ರೂ ಸಿಗೋದು 1868 ಸಿ.ಸಿ. ಎಪ್ಪತ್ತು ಸಿ.ಸಿ. ಲಾಭಕ್ಕೆ ಐವತ್ತು ವರ್ಷ ತುಕ್ಕು ತಿಂದ ನೀರಿನ ಗೋಡೆ ತೆಳು ಮಾಡ್ತೀಯ. ಮುಂದೆ ನಿನ್ನ ಮಗ ಇದೇ ಎಂಜಿನ್ ಬಿಚ್ಚಿದಾಗ ಅವನಿಗೆ ಕೊಯ್ಯೋಕೆ ಏನೂ ಉಳಿದಿರಲ್ಲ. 1950 ಅಂತೂ ಬೇಡ.

ಅಳಿಯ: ಆದ್ರೂ ಮಾವ, 1963ರಲ್ಲಿ ಕಾರ್ಖಾನೆಯವರೇ ಸಿದ್ಧ ಮಾಡಿದ ಎಂಜಿಬಿ ಲೆ ಮಾನ್ಸ್ ರೇಸಿಗೆ ಹೋಗಿ ಇಪ್ಪತ್ನಾಲ್ಕು ಗಂಟೆ ಓಡಿ ಹನ್ನೆರಡನೇ ಸ್ಥಾನ ತಂತು. ಅದೂ ಮರಳಲ್ಲಿ ಸಿಕ್ಕಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಳಕೊಂಡ ಮೇಲೆ. ಆ ಕಾರಲ್ಲಿ ಇದ್ದದ್ದು ವೆಬರ್ ಕಾರ್ಬ್ಯುರೇಟರೇ.

ಮಾವ: ದೊಡ್ಡ ಸಾಧನೆ, ಕೈ ಮುಗೀತೀನಿ. ಆದ್ರೆ ಆ ಎಂಜಿನ್ನಿಗೆ ಹಳ್ಳಿ ತಿರುವು ಇರಲಿಲ್ಲ, ಹಿಂದೆ ಮೆಕ್ಯಾನಿಕ್ಕುಗಳ ಪಡೆ ಇತ್ತು. ನಿನಗೆ ಭಾನುವಾರ ಬೆಳಗ್ಗೆ ಸ್ಟಾರ್ಟ್ ಆಗೋ ಗಾಡಿ ಬೇಕು. ಎಸ್‌ಯು ಬಹಳ ಜಾಣ ಕಾರ್ಬ್ಯುರೇಟರ್. ಎಂಜಿನ್ ಕೇಳಿದಷ್ಟೇ ಪಿಸ್ಟನ್ ಎತ್ತಿ ಕೊಡುತ್ತೆ. ಸ್ಪಿಂಡಲ್ ಸಡಿಲ ಆಗಿದ್ರೆ ಹೊಸ ಬುಶ್ ಹಾಕಿಸು, ಸೂಜಿ ಬದಲಾಯಿಸು. ಅಷ್ಟು ಸಾಕು.

ಅಳಿಯ: ಸೂಪರ್‌ಚಾರ್ಜರ್?

ಮಾವ: ಅದಕ್ಕೆ ಕಂಪ್ರೆಷನ್ ಇಳಿಸಿ ಬೇರೆಯೇ ಎಂಜಿನ್ ಕಟ್ಟಬೇಕು. ಈ ಬೆಂಚಿನ ಮೇಲೆ ಅದು ಬೇಡ. 1973ರಲ್ಲಿ ಕಂಪನಿಯವರಿಗೇ ಹೆಚ್ಚು ಪವರ್ ಬೇಕಾದಾಗ ಏನು ಮಾಡಿದ್ರು?

ಅಳಿಯ: ರೋವರ್‌ನ ವಿ8 ಹಾಕಿದ್ರು. 3528 ಸಿ.ಸಿ., 137 ಅಶ್ವಶಕ್ತಿ.

ಮಾವ: ಇದನ್ನ ಎಲ್ಲಿವರೆಗೆ ಎಳೀಬಹುದು ಅಂತ ಇದನ್ನ ಮಾಡಿದವರಿಗೇ ಗೊತ್ತಿತ್ತು. ಉದ್ದ ಸ್ಟ್ರೋಕ್ ಕಣಪ್ಪ. ಸುತ್ತು ಏರಿದ ಹಾಗೆ ಕನೆಕ್ಟಿಂಗ್ ರಾಡ್ ಮೇಲಿನ ಎಳೆತ ಅದರ ವರ್ಗದ ಲೆಕ್ಕದಲ್ಲಿ ಏರುತ್ತೆ. 5400ರಿಂದ 6500ಕ್ಕೆ ಹೋದ್ರೆ ಹೆಚ್ಚಾಗಿದ್ದು ಬರೀ 1100 ಸುತ್ತು ಅನ್ನಿಸುತ್ತೆ, ರಾಡ್ ಬೋಲ್ಟಿನ ಮೇಲೆ ಬೀಳೋ ಎಳೆತ ಶೇಕಡ 45 ಜಾಸ್ತಿ.

ಅಳಿಯ: ನಂದು ಐದು ಮೈನ್ ಬೇರಿಂಗ್‌ನ ಬ್ಲಾಕ್. 1964ಕ್ಕೆ ಮುಂಚಿನದು ಮೂರೇ.

ಮಾವ: ಅದು ನಿನ್ನ ಅದೃಷ್ಟ, ಕ್ರ್ಯಾಂಕ್ ಬಾಗಲ್ಲ. ಆದ್ರೂ ಜರ್ನಲ್ ಅಳೆಸು, ಬೇಕಿದ್ರೆ 10 ತೌ ಗ್ರೈಂಡ್ ಮಾಡಿಸು. ಕ್ರ್ಯಾಂಕು, ಫ್ಲೈವೀಲು, ಕ್ಲಚ್ ಪ್ಲೇಟು ಒಟ್ಟಿಗೆ ಬ್ಯಾಲೆನ್ಸ್ ಮಾಡಿಸು. ಪಿಸ್ಟನ್ನು, ರಾಡು ನಾಲ್ಕೂ ತೂಕದಲ್ಲಿ ಸಮ ಇರಲಿ. ಈ ಖರ್ಚು ಅಶ್ವಶಕ್ತಿಯ ಲೆಕ್ಕಕ್ಕೆ ಬರಲ್ಲ, ಆದ್ರೆ ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗುತ್ತೆ. ನಂಗೆ ಇಂಥ ಸೌಲಭ್ಯ ಹಾಸನದಲ್ಲಿ ಇರಲಿಲ್ಲ. ಬೆಂಗಳೂರು ಜೆ.ಸಿ. ರಸ್ತೆಯಿಂದ ಪಿಸ್ಟನ್ ಸೆಟ್ ತಂದು, ತರಕಾರಿ ಅಂಗಡಿಯ ತಕ್ಕಡೀಲಿ ತೂಗಿ ಜೋಡಿ ಮಾಡ್ತಿದ್ದೆ.

ಅಳಿಯ: ಇಗ್ನಿಷನ್ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕೋಣ. ಆಮೇಲೆ ರೋಲಿಂಗ್ ರೋಡ್ ಮೇಲೆ ಕಾರು ನಿಲ್ಲಿಸಿ, ಹಿಂದಿನ ಚಕ್ರದಲ್ಲಿ ಅಳೆದು, ಡಿಸ್ಟ್ರಿಬ್ಯೂಟರಿನ ಅಡ್ವಾನ್ಸನ್ನ ಹೊಸ ಹೆಡ್‌ಗೆ ತಕ್ಕ ಹಾಗೆ ಸರಿ ಮಾಡಿಸೋಣ. ಹಳೇ ಸ್ಪ್ರಿಂಗ್, ಹಳೇ ತೂಕ ಇದಕ್ಕೆ ಹೊಂದಲ್ಲ.

ಮಾವ: ಒಪ್ಪಿದೆ. ನಾನು ಕಿವಿಯಲ್ಲಿ ಟೈಮಿಂಗ್ ಕೂರಿಸ್ತಿದ್ದೆ. ಪೂರ್ತಿ ಲೋಡಿನಲ್ಲಿ 4000 ಸುತ್ತಿಗೆ ಎಲ್ಲೋ ಸಣ್ಣಗೆ ನಾಕ್ ಆದ್ರೆ ಕಿವಿಗೆ ಕೇಳಲ್ಲ, ಯಂತ್ರಕ್ಕೆ ಗೊತ್ತಾಗುತ್ತೆ. ಅಂಥದ್ದು ನನ್ನ ಹತ್ರ ಇದ್ದಿದ್ರೆ ಆ ಟ್ಯಾಕ್ಸಿಯ ಪಿಸ್ಟನ್ ಉಳೀತಿತ್ತು. ಅದನ್ನ ಪಟ್ಟಿಯಲ್ಲಿ ಮೊದಲು ಬರಿ, ದುಡ್ಡು ಈಗಲೇ ತೆಗೆದಿಡು. ಎಲ್ಲ ಖರ್ಚಾದ ಮೇಲೆ ಟ್ಯೂನಿಂಗಿಗೆ ಕಾಸಿಲ್ಲ ಅಂತ ಆಗಬಾರದು. ಬ್ರೇಕು ಹೇಗಿದೆ?

ಅಳಿಯ: ಮುಂದೆ ಹತ್ತೂಮುಕ್ಕಾಲು ಇಂಚಿನ ಡಿಸ್ಕ್, ಹಿಂದೆ ಡ್ರಮ್. ಹೋಸುಗಳು ಹಳೇವು.

ಮಾವ: ಎಂಜಿನ್ನಿಗಿಂತ ಮುಂಚೆ ಹೋಸು. ರೇಡಿಯೇಟರನ್ನೂ ಬಿಚ್ಚಿ ತೊಳೆಸು.

ಅಳಿಯ: ಹಾಗಾದ್ರೆ ಪಟ್ಟಿ ಮತ್ತೆ ಬರೀತೀನಿ. ಹೆಡ್ ಕೆಲಸ, ಗಟ್ಟಿ ಸೀಟು, 9.5 ಕಂಪ್ರೆಷನ್, ಕಂಪನಿ ಕ್ಯಾಮ್, ಎಸ್‌ಯು ರಿಪೇರಿ, ಬ್ಯಾಲೆನ್ಸಿಂಗ್, ಡಿಸ್ಟ್ರಿಬ್ಯೂಟರ್, ರೋಲಿಂಗ್ ರೋಡ್. ನೂರು ಅಶ್ವಶಕ್ತಿ ದಾಟುತ್ತಾ ಮಾವ?

ಮಾವ: ಫ್ಲೈವೀಲಿನಲ್ಲಿ ದಾಟಬೇಕು. ಆದ್ರೆ ನೀನು ನೋಡಬೇಕಾದ್ದು 3000ದಲ್ಲಿ ಎಷ್ಟು ಎಳೆಯುತ್ತೆ ಅನ್ನೋದನ್ನ. ಕ್ಯಾಮ್ ಹಳೇದೇ ಆದ್ರೆ ಪ್ರತಿ ಟ್ಯಾಪೆಟ್ಟನ್ನೂ ತೆಗೆದ ಜಾಗಕ್ಕೇ ವಾಪಸ್ ಹಾಕು, ಅದಲು ಬದಲು ಆಗಬಾರದು. ಕ್ಯಾಮ್ ಸವೆದಿದೆ ಅಂತ ಹೊಸದು ತಂದ್ರೆ ಟ್ಯಾಪೆಟ್ಟೂ ಹೊಸದೇ ಬೇಕು. ಆಗ ಸ್ಟಾರ್ಟ್ ಮಾಡಿದ ಕೂಡಲೆ ಐಡ್ಲಿಂಗಿಗೆ ಬಿಡಬೇಡ. ಇಪ್ಪತ್ತು ನಿಮಿಷ 2000ದ ಮೇಲೇ ತಿರುಗಲಿ, ಎಣ್ಣೆ ಕ್ಯಾಮಿನ ಮೇಲೆ ಚಿಮ್ಮಬೇಕು. ಜಿಂಕ್ ಹೆಚ್ಚಿರೋ ಎಣ್ಣೇನೇ ಹಾಕು. ಈಗಿನ ಕಾರಿನ ಎಣ್ಣೆ ಈ ಟ್ಯಾಪೆಟ್ಟಿಗೆ ಸಾಲದು.

ಅಳಿಯ: ಪಿಸ್ಟನ್ ಸೆಟ್ ಇವತ್ತು ರಾತ್ರಿಯೇ ಆರ್ಡರ್ ಮಾಡಿಬಿಡ್ಲಾ? ಆರು ವಾರ ಕಾಯಬೇಕಂತೆ.

ಮಾವ: ಬೇಡ. ಸೋಮವಾರ ಬ್ಲಾಕನ್ನ ಮಷೀನ್ ಶಾಪಿಗೆ ಹಾಕು. ಅಳತೆ ಚೀಟಿ ಕೈಗೆ ಬಂದ ಮೇಲೆ ಪಿಸ್ಟನ್ ತರಿಸು.